ಮನಾಲಿಯ ಬೆಲೆ ಕಟ್ಟಿದವರು

ಶಹಾಪುರ, ಇಚಲಕರಂಜಿ
ರವಿವಾರ, ೧೮ ಮೇ ೨೦೨೫

ಚಿರಂಜೀವಿ ವೈಭವನಿಗೆ, ನಿನ್ನ ಅವ್ವ ಮಾಡುವ ಆಶೀರ್ವಾದ.

ಆಶೀರ್ವಾದ ಎಂಬ ಶಬ್ದ ಬರೆಯುವಾಗ ಕೈ ಸ್ವಲ್ಪ ತಡೆಯಿತು. ಆದರೂ ಬರೆದಿದ್ದೇನೆ, ಹಡೆದವಳು ನಾನೇ ಅಲ್ಲವೇ. ನಿನ್ನ ಪಿತ್ತ ಹೇಗಿದೆ? ಸೂರತ್ತಿನ ಆ ಮೆಸ್ಸಿನವನು ಇನ್ನೂ ಎಲ್ಲದಕ್ಕೂ ಸಕ್ಕರೆ ಹಾಕುತ್ತಾನೆಯೇ? ನಮ್ಮ ನೇಮದಂತೆ ಹೊತ್ತು ಮುಳುಗುವ ಮೊದಲು ಉಣ್ಣಲು ಆಗದಿದ್ದರೆ ಮಧ್ಯಾಹ್ನವೇ ಎರಡು ಚಪಾತಿ ಹೆಚ್ಚು ತಿನ್ನು, ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿಯಬೇಡ. ನನ್ನ ಬೆನ್ನುನೋವು ಇದ್ದ ಹಾಗೇ ಇದೆ. ನಿನ್ನ ಮಗಳು ಪ್ರಿಯದರ್ಶನಿಗೆ ಮುಂದಿನ ಎರಡು ಹಾಲುಹಲ್ಲು ಬಿದ್ದಿವೆ, ರಜೆ ಎಂದು ದಿನವಿಡೀ ಓಣಿಯಲ್ಲೇ ಇರುತ್ತಾಳೆ, ಬಿಸಿಲಿಗೆ ಮುಖ ಕರ್ರಗಾಗಿದೆ. ಇನ್ನು ಫೋನಿನಲ್ಲಿ ಹೇಳದೆ ಇಷ್ಟುದ್ದ ಪತ್ರ ಏಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನಗೆ ಇಷ್ಟವಿಲ್ಲದ ಮಾತು ಬಂದ ಕೂಡಲೇ 'ಆಮ್ಯಾಲ ಮಾತಾಡೂಣವ್ವಾ' ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ನೀನು ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಅಕ್ಷರಗಳನ್ನು ಪಾಟಿಯ ಮೇಲೆ ತಿದ್ದಿಸಿದವಳು ನಾನು. ನೀನು ಇವನ್ನು ಬೆರಳಿಟ್ಟು ನಿಧಾನ ಓದುತ್ತೀ ಎಂಬುದು ನನಗೆ ಗೊತ್ತು. ನಿಧಾನವಾಗಿಯೇ ಓದು.

ನಿನ್ನ ಹೆಂಡತಿ ಮನಾಲಿ ಯಡ್ರಾವ ರಸ್ತೆಯ ಆ ಗಿರಣಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಆಡಿದಳು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ನೀನು ಮರೆತಂತೆ ಕಾಣುತ್ತದೆ. ಇಪ್ಪತ್ತೊಂದಕ್ಕೆ ಸೇರಿದವಳಿಗೆ ಈಗ ಮೂವತ್ತೈದು. ಈ ತಿಂಗಳ ಕೊನೆಗೆ ಅವಳ ಕರಾರು ಮುಗಿಯುತ್ತದೆ, ಹೊಸ ಕರಾರಿನ ಮಾತಿಗೆ ಹೋದ ಸೋಮವಾರ ಗಿರಣಿಯ ಆಫೀಸಿಗೆ ಕರೆದಿದ್ದರು. ಎಂದೂ ನನ್ನನ್ನು ಇಂಥ ಕೆಲಸಕ್ಕೆ ಕರೆಯದವಳು ಅಂದು 'ಅತ್ತಿ, ನೀವೂ ಬರ್ರಿ' ಎಂದಳು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಖುಷಿಯಿಂದಲೇ ಹೋದೆ. ಶಾಲು ಹೊದಿಸುತ್ತಾರೇನೋ ಎಂದು ಸಹ ಅಂದುಕೊಂಡಿದ್ದೆ. ಎಂಥ ಹುಚ್ಚಿ ನಾನು.

ಒಳಗೆ ಇಬ್ಬರಿದ್ದರು. ಒಬ್ಬ ಮಾಲೀಕರ ಮಗ ರೋಹನ, ಈ ವರ್ಷದಿಂದ ತಂಡದ ಕಾರಭಾರ ಅವನದು. ಇನ್ನೊಬ್ಬರು ಕೋಚ್ ಆಬಾಸಾಹೇಬರು. ಗಡಹಿಂಗ್ಲಜದ ಶಾಲೆಯಲ್ಲಿ ಮನಾಲಿ ಹದಿನೈದರ ಹುಡುಗಿಯಾಗಿದ್ದಾಗ ಅವಳ ಕೈಗೆ ಮೊದಲು ಚೆಂಡು ಕೊಟ್ಟವರು ಅವರೇ. ನಿಮ್ಮ ಮದುವೆಯಲ್ಲಿ 'ನನ್ನ ಮಗಳನ್ನ ಕೊಡಾಕತ್ತೇನ್ರಿ' ಎಂದು ನನ್ನ ಕೈ ಹಿಡಿದು ಅತ್ತಿದ್ದರು. ಈ ಸಲ ಅವರು ನಮ್ಮತ್ತ ತಲೆ ಎತ್ತಿ ನೋಡಲಿಲ್ಲ. ರೋಹನ ಟಿ.ವಿ. ಹಚ್ಚಿ, ಮನಾಲಿ ಓಡುತ್ತ ಬಂದು ಬಲಗಾಲು ಊರುವಾಗ ಸ್ವಲ್ಪ ಕುಂಟಿದ್ದನ್ನು ನಿಧಾನ ಮಾಡಿ ತೋರಿಸಿದ. ಒಮ್ಮೆ ಅಲ್ಲ, ನಾಲ್ಕು ಸಲ. 'ಮೊದಲ ಒಂದ ಮ್ಯಾಚಿಗೆ ಹದಿನಾರ ಪಾಯಿಂಟ ಬರತಿದ್ದೂವು, ಈಗ ಒಂಬತ್ತ. ಕೂಸಾದ ಮ್ಯಾಲ ಮೈ ಜಡ ಆಗೈತ್ರಿ' ಎಂದ. ಪಕ್ಕದಲ್ಲಿ ಅತ್ತೆ ಕೂತಿದ್ದಾಳೆ ಎಂಬ ನಾಚಿಕೆಯೂ ಅವನಿಗಿರಲಿಲ್ಲ.

ಆಮೇಲೆ ಆದದ್ದನ್ನು ಬರೆಯಲು ಹೇಸಿಗೆಯಾಗುತ್ತದೆ. ಆಫೀಸಿನ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ ಇತ್ತು. ತಂಡದ ಹೊಸ ಹುಡುಗಿ, ಇಪ್ಪತ್ತೆರಡರ ದೀಪಾಲಿ, ಜಿಗಿದು ಮುಟ್ಟಿದ ಎತ್ತರವಂತೆ. 'ವೈನಿ, ನೀವೂ ಒಂದ ಸಲ ಜಿಗದ ತೋರಸ್ರಿ, ಸುಮ್ಮ ರೆಕಾರ್ಡಿಗೆ' ಎಂದು ಅವಳ ಕೈಗೆ ಸುಣ್ಣದ ತುಂಡು ಕೊಟ್ಟ. ಅವಳು ಸೀರೆ ಉಟ್ಟಿದ್ದಳು, ವೈಭವ. ಜವಾನ ಚಹಾದ ತಟ್ಟೆ ಹಿಡಿದು ನಿಂತಿದ್ದ. ಒಲ್ಲೆ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಿಗಿದಳು. ಗೆರೆ ದೀಪಾಲಿಯ ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬಿತ್ತು. ರೋಹನ ಸ್ಕೇಲ್ ಹಚ್ಚಿ ಅಳೆದು ಬರೆದುಕೊಂಡ. ದತ್ತವಾಡದಲ್ಲಿ ನನ್ನ ಅಪ್ಪ ಎತ್ತು ಕೊಳ್ಳಲು ಪೇಟೆಗೆ ಹೋದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅವರು ಬಾಯಿ ತೆರೆಸಿ ಹಲ್ಲು ನೋಡುವ ಮೊದಲು ಎತ್ತಿನ ಬೆನ್ನ ಮೇಲೊಮ್ಮೆ ಕೈಯಾಡಿಸುತ್ತಿದ್ದರು. ಇವನಿಗೆ ಅಷ್ಟೂ ಗೊತ್ತಿಲ್ಲ. ಇನ್ನು ಆಬಾಸಾಹೇಬರು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತ ಕೂತಿದ್ದರು. ಇಪ್ಪತ್ತು ವರ್ಷದಿಂದ ಮಗಳು ಮಗಳು ಎಂದವರು! ನನ್ನ ಬಗ್ಗೆಯೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ನಾನು ಅವಳ ಪರ್ಸು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಕೊನೆಗೆ ಅವಳ ಬೆಲೆ ಹೇಳಿದರು. ಒಂದೇ ವರ್ಷ, ಅರ್ಧ ಪಗಾರ, ಬ್ಯಾನರಿನ ಮೇಲೆ ಮಾತ್ರ ಅವಳ ದೊಡ್ಡ ಫೋಟೋ, ಬೆಳಿಗ್ಗೆ ಚಿಕ್ಕ ಹುಡುಗಿಯರಿಗೆ ಕಲಿಸುವುದು ಪುಕ್ಕಟೆ. ಆಗ ನನಗೆ ಮಾತು ಬಂತು. ಕಳೆದ ಡಿಸೆಂಬರಿನಲ್ಲಿ ಕೊಲ್ಹಾಪುರದ ಫೈನಲ್ ನಡೆದಾಗ ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಆ ದಿನ ಕಡೆಯ ಅರ್ಧದಲ್ಲಿ ಮನಾಲಿ ಒಂದು ಪಾಯಿಂಟೂ ಹಾಕಲಿಲ್ಲ, ನಿಜ. ಆದರೆ ರಿಂಗಿಗೆ ಬಡಿದು ಹೊರಬಿದ್ದ ಚೆಂಡು ಎಲ್ಲಿ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದಳು. 'ದೀಪಾಲಿ, ಬಲಕ್ಕ! ಬಲಕ್ಕ ಸರೀ!' ಎಂದು ಒದರುತ್ತಿದ್ದಳು. ದೀಪಾಲಿ ಬಲಕ್ಕೆ ಸರಿದಲ್ಲೆಲ್ಲ ಚೆಂಡು ಅವಳ ಕೈಗೇ ಬಂತು. ನಾಲ್ಕು ಫೌಲ್ ಆಗಿ ಮನಾಲಿಯನ್ನು ಎರಡು ನಿಮಿಷ ಹೊರಗೆ ಕೂಡಿಸಿದಾಗ, ಒಂಬತ್ತು ಪಾಯಿಂಟ್ ಮುಂದಿದ್ದ ನಾವು ಒಂದಕ್ಕೆ ಇಳಿದೆವು. ಮತ್ತೆ ಅವಳನ್ನು ಆಟಕ್ಕೆ ಇಳಿಸಿದ ಮೇಲೆಯೇ ಗೆದ್ದದ್ದು. ಇದನ್ನೆಲ್ಲ ರೋಹನನಿಗೆ ಹೇಳಿ, 'ಆಕಿ ಹೊರಗ ಕುಂತ ಆ ಎರಡ ನಿಮಿಷ ನಿಮ್ಮ ಟಿ.ವಿ.ಯಾಗ ತೋರಸ್ರಿ ನೋಡೂಣು' ಎಂದೆ. ಅವನು ನಕ್ಕು, 'ಕಾಕೂ, ಅದೆಲ್ಲಾ ಕಾಗದದ ಮ್ಯಾಲ ಬರಂಗಿಲ್ಲ' ಎಂದ. ಆಬಾಸಾಹೇಬರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅವರು ಖಾಲಿಯಾದ ಬಸಿಯನ್ನು ಕಪ್ಪಿನ ಕೆಳಗೆ ಸರಿಸಿದರು, ಅಷ್ಟೇ.

ಮನಾಲಿ ಕರಾರಿನ ಕಾಗದವನ್ನು ಮಡಚಿ ಇಟ್ಟುಕೊಂಡು, ಒಂದು ವಾರದಲ್ಲಿ ಹೇಳುತ್ತೇನೆ ಎಂದು ಗಾಡಿ ತರಲು ಹೋದಳು. ನಾನು ಗೇಟಿನ ಹತ್ತಿರ ನಿಂತಿದ್ದಾಗ ಆಬಾಸಾಹೇಬರು ಅವಸರದಿಂದ ಬಂದರು. 'ಅಕ್ಕಾ, ನನ್ನ ಮ್ಯಾಲ ಸಿಟ್ಟ ಆಗಬ್ಯಾಡ್ರಿ. ನಾ ಎರಡ ವರ್ಷ ಕೊಡ್ರಿ ಅಂತ ಹೇಳಿದ್ನಿ. ನಿಮ್ಮ ಮಗಾನ ರೋಹನಗ ಫೋನ ಮಾಡ್ಯಾರ. ಭಾಳ ಕೊಡಬ್ಯಾಡ್ರಿ, ಕಮ್ಮಿ ಕೊಟ್ರ ತಾನ ಆಟ ಬಿಟ್ಟ ಮನ್ಯಾಗ ಕುಂದರತಾಳ, ಇನ್ನೊಂದ ಕೂಸ ಆಗಬೇಕಾಗೈತಿ ಅಂದಾರ. ಮನ್ಯಾವರಿಗೇ ಬ್ಯಾಡಂದ್ರ ನಾ ಏನ ಮಾಡ್ಲಿ?' ಎಂದರು. ತಮ್ಮ ಹೇಡಿತನಕ್ಕೆ ನಿನ್ನ ಹೆಸರನ್ನು ಹೊದೆಸಿ ಹೋದರು. ಹೊದೆಸಲು ಹೆಸರು ಕೊಟ್ಟವನು ನೀನು. ರೋಹನ ಪರಕೀಯ, ಅವನಿಗೆ ಗಿರಣಿಯ ಲಾಭ ಬೇಕು. ನಿನ್ನ ಅಪ್ಪ ತೀರಿಕೊಂಡ ವರ್ಷ ಊರಿನ ಸಾಲುಸಾಲು ಮಗ್ಗಗಳು ನಿಂತಾಗ ಈ ಮನೆ ನಡೆದದ್ದು ಅವಳ ಆಟದಿಂದ. ಆಗ ನೀನು ಅವಳ ಮ್ಯಾಚು ನೋಡಿ ಬಂದು ನನಗೆ ಕೈಯಾಡಿಸಿ ಆಡಿ ತೋರಿಸುತ್ತಿದ್ದೆ. ಅವಳಿಗೆ ಎದುರು ನಿಂತು 'ಸಾಕು, ಬಿಡು' ಎಂದಿದ್ದರೆ ಜಗಳವಾಗುತ್ತಿತ್ತು, ಆಗಲಿ, ಗಂಡ ಹೆಂಡತಿ ಜಗಳವಾಡಬಾರದು ಎಂದಿದೆಯೇ? ಅದು ಬಿಟ್ಟು ಬೆನ್ನ ಹಿಂದೆ ಹೋಗಿ ಅವಳ ಬೆಲೆ ಇಳಿಸಿದೆಯಲ್ಲ. ಛೀ.

ಆ ರಾತ್ರಿ ಅವಳಿಗೆ ಹೇಳಲಿಲ್ಲ. ನಿನ್ನ ಮಾನ ಉಳಿಸೋಣ ಎಂಬ ತಾಯಿಬುದ್ಧಿ. ಮರುದಿನ ಬೆಳಿಗ್ಗೆ ಇಬ್ಬರೂ ಶಾವಿಗೆ ಒಣಹಾಕುತ್ತಿದ್ದಾಗ ನನ್ನಿಂದ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅವಳು ಕೈ ನಿಲ್ಲಿಸಲೂ ಇಲ್ಲ. 'ಗೊತ್ತೈತ್ರಿ. ರೋಹನ ಹುಡಿಗ್ಯಾರ ಮುಂದ ಆಡಿಕೊಂಡ ನಕ್ಕಿದ್ದ. ದೀಪಾಲಿ ಬಂದ ಅಳಕೋತ ಹೇಳಿದ್ಲು' ಎಂದಳು. ಮುಂದಿನ ಎಳೆ ಹಾಸುತ್ತ, 'ಮನ್ಯಾವರು ಅಂದ್ರ ಅದರಾಗ ನೀವೂ ಅದೀರಿ ಅಂತ ತಿಳಕೊಂಡಿದ್ನಿ, ಅತ್ತಿ. ಅದಕ್ಕ ನಿಮ್ಮನ್ನ ಕರಕೊಂಡ ಹೋದ್ನಿ. ನನ್ನ ಹೆಂಗ ತೂಗತಾರ, ನಿಮ್ಮ ಕಣ್ಣಿಲೆ ನೋಡಲಿ ಅಂತ' ಎಂದಳು. ನಾನು ಅದರಲ್ಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಯುಗಾದಿ ಪಾಡ್ಯದ ದಿನ ಹೋಳಿಗೆ ಬಡಿಸುತ್ತ 'ಆಟ ಎಷ್ಟ ದಿನಾ? ಪ್ರಿಯೂಗ ಒಬ್ಬ ತಮ್ಮ ಬ್ಯಾಡೇನು?' ಎಂದು ನಾನೇ ಅಂದಿದ್ದೆ, ನೀನೂ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದೆ. ನಿನಗೆ ಧೈರ್ಯ ಬಂದದ್ದು ನನ್ನ ಮಾತಿನಿಂದಲೋ ಏನೋ. ಹಾಗಿದ್ದರೆ ನನ್ನ ಪಾಲಿನ ಹೊಲಸು ನನ್ನದೇ. 'ಫೋನಿನ ಸುದ್ದಿ ನನಗ ಗೊತ್ತಿರಲಿಲ್ಲವ್ವಾ, ಆದ್ರ ನಾನೂ ತಪ್ಪ ಮಾಡೇನಿ' ಎಂದೆ. ಅವಳು ಒಳಗೆ ಹೋಗಿ ನೀರು ತಂದು ಮೊದಲು ನನಗೆ ಕೊಟ್ಟಳು.

ಶುಕ್ರವಾರ ಪ್ರಿಯೂ ಸೇರಿ ಮೂವರೂ ಎಸ್.ಟಿ. ಬಸ್ಸು ಹಿಡಿದು ಗಡಹಿಂಗ್ಲಜಕ್ಕೆ ಹೋದೆವು. ಅಲ್ಲಿಯ ಒಂದು ಕ್ಲಬ್ಬಿನವರು ಹುಡುಗಿಯರ ತಂಡ ಕಟ್ಟುತ್ತಿದ್ದಾರೆ, ಎರಡು ತಿಂಗಳಿಂದ ಅವಳನ್ನು ಕರೆಯುತ್ತಿದ್ದರಂತೆ. ಅದರ ಸೆಕ್ರೆಟರಿ ಕಾಡಸಿದ್ದ ಎನ್ನುವವರು, ಬೆಲ್ಲದ ಅಂಗಡಿಯವರು, ಹಳೆಯ ಆಟಗಾರರು. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಾತು. ಮನಾಲಿ ತಾನೇ ಮೊದಲು ಹೇಳಿದಳು: 'ಮೊಣಕಾಲ ನೋವೈತ್ರಿ. ಪೂರ್ತಿ ಮ್ಯಾಚ ಆಡೂದಿಲ್ಲ, ಅರ್ಧ ಆಡತೇನಿ. ಮೂರ ವರ್ಷ ಬರದ ಕೊಡ್ರಿ. ಎರಡ ವರ್ಷ ಆಡತೇನಿ, ಮೂರನೇದ್ದಕ್ಕ ಕೋಚ.' ಅವರು, 'ನಿಮ್ಮ ಪಾಯಿಂಟ ನಾ ಎಣಸಿಲ್ಲ, ತಂಗಿ. ನೀವ ಕೋರ್ಟನಾಗ ಇದ್ದಾಗ ಉಳದ ನಾಕ ಮಂದಿ ಎಲ್ಲಿ ನಿಂತಿರತಾರ ಅದನ್ನ ನೋಡೇನಿ' ಎಂದರು. ಅವರೂ ವ್ಯಾಪಾರಿಯೇ, ದೇವರೇನಲ್ಲ. ಬೇಸಿಗೆ ಶಿಬಿರ ಪುಕ್ಕಟೆ ಮಾಡಿಕೊಡಿ ಎಂದು ಚೌಕಾಸಿ ಮಾಡಿದರು. 'ಪುಕ್ಕಟ ಆಗಂಗಿಲ್ರಿ' ಎಂದಳು ಮನಾಲಿ. ಅವರು ನಕ್ಕು ಆ ಸಾಲು ಹೊಡೆದುಹಾಕಿದರು. ಗಿರಣಿಯ ಹಳೆಯ ಪಗಾರಕ್ಕಿಂತ ಇದು ಸ್ವಲ್ಪ ಕಡಿಮೆ, ಆದರೆ ಮೂರು ವರ್ಷ ಬರೆದು ಕೊಟ್ಟಿದ್ದಾರೆ. ಅವಳು ಸಹಿ ಮಾಡಿದಳು. ನಿನ್ನೆ ಗಿರಣಿಗೆ ಹೋಗಿ ಅವರ ಕಾಗದವನ್ನು ಹಾಗೇ ಮರಳಿ ಕೊಟ್ಟು ಬಂದಳು. ಬೀಳ್ಕೊಡುಗೆ ಇಡುತ್ತೇವೆ, ಫೋಟೋ ತೆಗೆಯಬೇಕು ಎಂದನಂತೆ ರೋಹನ. 'ಮೊದಲ ಗ್ವಾಡಿ ಮ್ಯಾಲಿಂದು ನನ್ನ ಗೆರಿ ಅಳಸ್ರಿ' ಎಂದಳಂತೆ. ದೀಪಾಲಿ ಗೇಟಿನವರೆಗೂ ಬಂದು ಕಾಲಿಗೆರಗಿದಳಂತೆ. ಆಬಾಸಾಹೇಬರು ರಜೆಯ ಮೇಲಿದ್ದಾರಂತೆ. ಇರಲಿ.

ಜೂನಿನಿಂದ ನಾವು ಮೂವರೂ ಗಡಹಿಂಗ್ಲಜದಲ್ಲಿರುತ್ತೇವೆ. ಅವಳ ತವರಿನ ಹತ್ತಿರವೇ ಎರಡು ಕೋಣೆ ಬಾಡಿಗೆಗೆ ಸಿಕ್ಕಿವೆ, ಪ್ರಿಯೂನ ಶಾಲೆಯೂ ನಿಶ್ಚಯವಾಗಿದೆ. ನಾನೂ ಬರಲೇ ಎಂದು ಅವಳನ್ನು ಕೇಳಿದೆ. ಸುಮ್ಮನೆ ಹೊರಡಲಿಲ್ಲ, ಕೇಳಿಯೇ ಹೊರಟೆ. ಸ್ವಲ್ಪ ಯೋಚನೆ ಮಾಡಿ 'ಬರ್ರಿ' ಎಂದಳು. ಯೋಚನೆ ಮಾಡಿ ಹೇಳಿದ್ದಕ್ಕೇ ನನಗೆ ಆ ಮಾತಿನ ಮೇಲೆ ನಂಬಿಕೆ ಬಂತು. ಇಲ್ಲಿಯ ಮನೆಯ ಕೀಲಿ ನಿನ್ನ ದೊಡ್ಡಪ್ಪನ ಹತ್ತಿರ ಇಟ್ಟಿರುತ್ತೇನೆ. ನಿನ್ನ ಮೇಲೆ ನನಗೆ ಸಿಟ್ಟು ಅಷ್ಟೇ ಇದ್ದಿದ್ದರೆ ಎರಡು ದಿನಕ್ಕೆ ಇಳಿಯುತ್ತಿತ್ತು. ಇದು ಸಿಟ್ಟಲ್ಲ, ಅಸಹ್ಯ. ಇಳಿಯಲು ಎಷ್ಟು ದಿನ ಬೇಕೋ ನನಗೂ ಗೊತ್ತಿಲ್ಲ. ಪಿತ್ತದ ಗುಳಿಗೆ ತಪ್ಪಿಸಬೇಡ. ನಿನಗೆ ಒಳ್ಳೆಯ ಬುದ್ಧಿ ಬರಲಿ, ಆರೋಗ್ಯವೂ ಇರಲಿ.

ನಿನ್ನ ಅವ್ವ,
ರತ್ನಮಾಲಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಗಡಹಿಂಗ್ಲಜದ ಕರಾರಿನ ಕಾಗದದಲ್ಲಿ 'ಸಂಪರ್ಕಿಸಬೇಕಾದ ಮನೆಯವರು' ಎಂದು ಒಂದು ಸಾಲಿತ್ತು. ಮನಾಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕಾಡಸಿದ್ದರು 'ಗಂಡನ ಹೆಸರು ಬರೀರಿ' ಎಂದರು. ಅವಳು ಅದನ್ನು ಖಾಲಿ ಬಿಟ್ಟು ಕಾಗದ ಕೊಟ್ಟಳು. ನಿನ್ನ ಹೆಸರೂ ಬರೆಯಲಿಲ್ಲ, ನನ್ನದೂ ಬರೆಯಲಿಲ್ಲ. ಆ ಸಾಲಿಗೆ ಅರ್ಹಳಾಗಲು ನಾನು ನನ್ನ ಪಾಲಿನ ಕೆಲಸಕ್ಕೆ ತೊಡಗಿದ್ದೇನೆ. ನೀನು ರಜೆ ಹಾಕಿ ಬಾ. ಆದರೆ ಬರುವ ಮೊದಲು ನನಗಲ್ಲ, ಅವಳಿಗೆ ಫೋನ್ ಮಾಡಿ, ಬರಲೇ ಎಂದು ಕೇಳು. ಬೇಡ ಎಂದರೆ ಬರಬೇಡ.