ನಿನ್ನ ಕಾಲು, ನನ್ನ ಕೈ, ನಡುವಿನ ಗಾಳಿ

ಬೈಕುಲ್ಲಾ,
ಗುರುವಾರ ಸಂಜೆ

ಪಾರ್ಲೆಯಲ್ಲಿ ಪರದೇಶಿಯಾಗಿ ಕೂತಿರುವ ನನ್ನ ಮಹಾದೇವಿಗೆ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮಸಮಾಚಾರ ಬರೆಯುವುದು ರೂಢಿ. ಆದರೆ ನಮ್ಮಿಬ್ಬರ ನಡುವೆ ಇರುವುದು ಎರಡು ಲೋಕಲ್ ರೈಲು, ದಾದರಿನಲ್ಲೊಂದು ಬದಲಾವಣೆ. ಇಷ್ಟು ಹತ್ತಿರದ ಹೆಂಡತಿಗೆ ಗಂಡ ಕ್ಷೇಮವನ್ನು ಅಂಚೆಯಲ್ಲಿ ಕಳಿಸಿದರೆ ಟಪಾಲಿನವನೂ ನಕ್ಕಾನು. ಫೋನ್ ಇದೆಯಲ್ಲ ಎನ್ನುತ್ತೀ. ಇದೆ. ನಾನು ಫೋನ್ ಮಾಡುತ್ತೇನೆ. ನೀನು ‘ಗುಳಗಿ ತಗೊಂಡ್ರ್ಯಾ?’ ಎನ್ನುತ್ತೀ, ನಾನು ‘ಹೂಂ’ ಅನ್ನುವಷ್ಟರಲ್ಲಿ ‘ತಗೋ, ನಿಮ್ಮಪ್ಪ’ ಎಂದು ಫೋನು ವೈಶಾಲಿಯ ಕೈಗೆ ದಾಟಿರುತ್ತದೆ. ಪತ್ರವನ್ನು ನೀನು ಹಾಗೆ ದಾಟಿಸಲಾರೆ. ನಮ್ಮ ಮಗಳು ಕನ್ನಡ ಅಕ್ಷರಗಳನ್ನು ಹೈವೇ ದಾಟುವವರ ಹಾಗೆ ಓದುತ್ತಾಳೆ. ಎರಡೂ ಕಡೆ ನೋಡಿ, ಒಂದೊಂದೇ ಹೆಜ್ಜೆ. ಆದ್ದರಿಂದ ಇದನ್ನು ನೀನೇ ಓದಬೇಕು. ಕನ್ನಡಕ ಹಾಕಿಕೋ. ಮೊಮ್ಮಗ ಮಲಗಿರುವಾಗ ಓದು.

ಸೋಮವಾರ ವೈಶಾಲಿ ತಾನಾಗಿಯೇ ಫೋನ್ ಮಾಡಿದ್ದಳು. ಮೊದಲು ಅತ್ತಿತ್ತ ಮಾತಾಡಿದಳು. ಆಮೇಲೆ ದನಿ ತಗ್ಗಿಸಿ, ‘ಪಪ್ಪಾ, ಮಮ್ಮಿಗೆ ಲಗ್ತಾ ಇದೆ ಕೀ ನಿಮ್ಮ ಉಂಗ್ಲಿ ಅವಳಿಂದಾನೇ ಹೋಯ್ತು ಅಂತ. ಬಾಬಾಗೆ ಸ್ನಾನ ಮಾಡಿಸ್ತಾ ಮಾಡಿಸ್ತಾ ರೋತಾ ಇದ್ಳು’ ಎಂದಳು. ನನ್ನ ಬೆರಳು ಹೋದದ್ದು ನಿನ್ನಿಂದಂತೆ, ನೀನು ಅತ್ತೆಯಂತೆ! ನಿಮ್ಮಮ್ಮ ಏನಂದಳು ಅಂತ ಸರಿಯಾಗಿ ಹೇಳು ಎಂದೆ. ಅವಳು ನಿನ್ನ ಮಾತನ್ನು ನಿನ್ನ ಧಾಟಿಯಲ್ಲೇ ಒಪ್ಪಿಸಿದಳು: ‘ನನ್ನ ಕಾಲಽ ನಿಮ್ಮಪ್ಪನ ಕೈ ತಿಂತು.’

ಮಹಾದೇವಿ, ನಾನು ನಮ್ಮ ಬ್ರೇಕ್ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಷ್ಟು ದಿನ ನಾನು ಬೇರೆಯೇ ಅಂದುಕೊಂಡಿದ್ದೆ. ಬಾಣಂತನಕ್ಕೆಂದು ಹೋದವಳು, ಕೂಸು ಅಂಬೆಗಾಲಿಡುವ ಹೊತ್ತಾದರೂ ತಿರುಗಿ ಬರಲಿಲ್ಲವೆಂದರೆ ಗ್ರೀಸಿನ ವಾಸನೆ ಸಾಕಾಗಿರಬೇಕು, ಈ ಒಂದೇ ಖೋಲಿಯ ಸಂಸಾರ ಸಾಕಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಕುಚೋದ್ಯದ ಮಾತು ಸಾಕಾಗಿರಬೇಕು ಎಂದುಕೊಂಡಿದ್ದೆ. ನನ್ನ ಶ್ಲೇಷಗಳನ್ನು ಕೇಳಿ ಗಂಡನನ್ನು ಬಿಟ್ಟಳೆಂದರೆ ಯಾವ ಪಂಚಾಯಿತಿಯೂ ಹೆಂಡತಿಯ ಪರವೇ ತೀರ್ಪು ಕೊಡುತ್ತದೆ. ಆದರೆ ನಿನ್ನ ಕಾಲಿನ ಮೇಲೆ ನೀನೇ ತೀರ್ಪು ಕೊಟ್ಟುಕೊಂಡು ಕೂತಿದ್ದೀ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಕಾಲಿನ ವಕಾಲತ್ತು ಈಗ ನನ್ನದು.

ಮೊದಲಿನಿಂದ ಬರುತ್ತೇನೆ. ನೀನು ಮೊದಲ ಸಲ ಲಾರಿ ಹತ್ತಿದ್ದು ನೆನಪಿದೆಯೇ? ಧಾರವಾಡದಲ್ಲಿ ಹಳಗನ್ನಡ ಓದಿ ಬಂದವನಿಗೆ ಮುಂಬಯಿಯಲ್ಲಿ ಹಳೇ ಗಾಡಿಗಳು ಗಂಟುಬಿದ್ದಿದ್ದವು. ಯಜಮಾನರು ಎಷ್ಟು ಓದಿದ್ದಾರೆ ಎಂದು ಚಾಳಿನ ಹೆಂಗಸರು ಕೇಳಿದಾಗ ನೀನು ‘ಬಿ.ಎ. ಆಗೇದ್ರಿ. ಬ್ರೇಕ್ ಅಡ್ಜಸ್ಟರ್’ ಎಂದಿದ್ದೆ. ಆ ಮಾತು ನಿನ್ನದು. ಇಷ್ಟು ವರ್ಷ ಊರೆಲ್ಲ ನನ್ನದೆಂದು ಹೇಳಿಕೊಂಡು ತಿರುಗಿದ್ದೇನೆ, ಇವತ್ತು ಹಿಂದಿರುಗಿಸುತ್ತಿದ್ದೇನೆ. ಒಂದು ದಿನ ನೀನು ಬುತ್ತಿ ತಂದಾಗ ನನ್ನ ಜೊತೆಗಾರ ಊರಿಗೆ ಹೋಗಿದ್ದ. ಬ್ರೇಕು ನೋಡುವುದು ಒಬ್ಬನ ಕೆಲಸವಲ್ಲ. ಒಬ್ಬರು ಮೇಲೆ ಕ್ಯಾಬಿನ್ನಿನಲ್ಲಿ ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರ ಏನು ಹಂದಾಡುತ್ತದೆ, ಎಲ್ಲಿ ಗಾಳಿ ಸೋರುತ್ತದೆ ಎಂದು ನೋಡಬೇಕು. ‘ಸ್ವಲ್ಪ ಹತ್ತಿ ಕೂಡು’ ಎಂದೆ. ನೀನು ಹತ್ತುವ ಮೊದಲು ಚಪ್ಪಲಿ ಬಿಟ್ಟೆ. ಯಾಕೆ ಎಂದು ಕೇಳಿದರೆ ‘ಒಳಗ ದೇವರ ಫೋಟೊ ಅದ ಅಲ್ರಿ’ ಎಂದೆ. ಆಮೇಲೆ ಮೇಲಿನಿಂದ ‘ಒತ್ತಲ್ಯಾ?’, ಕೆಳಗಿನಿಂದ ‘ಒತ್ತು!’, ‘ಬಿಡ್ಲ್ಯಾ?’, ‘ಬಿಡು!’ ಆ ಗಲ್ಲಿಯಲ್ಲಿ ಎಲ್ಲರೂ ಹಿಂದಿಯಲ್ಲಿ ‘ದಬಾ’, ‘ಛೋಡ್’ ಎಂದು ಕೂಗುತ್ತಿದ್ದರು. ಕನ್ನಡದಲ್ಲಿ ನಿಲ್ಲುತ್ತಿದ್ದದ್ದು ನಮ್ಮ ಲಾರಿ ಒಂದೇ.

ಅವತ್ತು ಊಟ ಮಾಡುವಾಗ ನೀನು ಕೇಳಿದ್ದೆ: ‘ಗಾಳೀಲೆ ಬ್ರೇಕ್ ಹಿಡೀತದ ಅಂತೀರಿ. ಗಾಳಿ ಹೋತಂದ್ರ ಗಾಡಿ ಓಡೇ ಹೋಗ್ತದೇನ್ರಿ?’

ಎಲ್ಲರೂ ಹಾಗೇ ತಿಳಿಯುತ್ತಾರೆ. ನಾನು ಬುತ್ತಿಯ ಡಬ್ಬಿಗಳನ್ನೇ ಸಾಲಾಗಿ ಇಟ್ಟು ತೋರಿಸಿದೆ. ಎಂಜಿನ್ ತಿರುಗಿದರೆ ಅದರ ಜೊತೆಗೇ ಒಂದು ಕಂಪ್ರೆಸರ್ ತಿರುಗಿ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಗಾಡಿಯ ಹೊಟ್ಟೆಯ ಕೆಳಗಿನ ಟ್ಯಾಂಕುಗಳಲ್ಲಿ ತುಂಬುತ್ತದೆ. ಮುಂಬಯಿಯಲ್ಲಿ ಗಾಳಿಯೂ ಬೆವರುವುದರಿಂದ ಆ ಟ್ಯಾಂಕುಗಳ ನೀರನ್ನು ದಿನಾ ಬಿಡಬೇಕು. ಡ್ರೈವರು ಪೆಡಲ್ ಒತ್ತಿದರೆ ಅವನ ಕಾಲಿನ ಬಲ ಚಕ್ರಕ್ಕೆ ಹೋಗುವುದಿಲ್ಲ. ಕಾಲು ಬಾಗಿಲು ತೆರೆಯುತ್ತದೆ ಅಷ್ಟೇ, ಓಡಿಹೋಗುವುದು ಗಾಳಿ. ಅದು ಪ್ರತಿ ಚಕ್ರದ ಬಳಿಯ ಡಬ್ಬಿಗೆ ನುಗ್ಗಿ ಒಂದು ಸರಳನ್ನು ದೂಡುತ್ತದೆ, ಸರಳು ಅಡ್ಜಸ್ಟರ್ ಎಂಬ ಕಬ್ಬಿಣದ ತೋಳನ್ನು ತಿರುಗಿಸುತ್ತದೆ, ಒಳಗೆ ಲೈನರುಗಳು ಅಗಲವಾಗಿ ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಅಪ್ಪಿ ಹಿಡಿಯುತ್ತವೆ. ಕಾಲು ತೆಗೆದರೆ ಆ ಗಾಳಿ ‘ಪ್ಸ್’ ಎಂದು ಹೊರಗೆ, ಚಕ್ರ ಬಿಡುಗಡೆ.

ಆದರೆ ಹಿಂದಿನ ಚಕ್ರಗಳ ಡಬ್ಬಿಯಲ್ಲಿ ಇನ್ನೊಂದು ಕೋಣೆ ಇದೆ, ಅದರೊಳಗೆ ಒಂದು ಸ್ಪ್ರಿಂಗ್, ನಮ್ಮ ಚಾಳಿನ ಮಾಲೀಕನಿಗಿಂತ ಹಟಮಾರಿ. ಅದರ ಒಂದೇ ಆಸೆ ಬ್ರೇಕು ಹಿಡಿಯುವುದು. ಗಾಡಿ ಓಡುವಷ್ಟು ಹೊತ್ತೂ ಟ್ಯಾಂಕಿನ ಗಾಳಿ ಅದನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ಗಾಳಿ ಹೋಯಿತೋ, ಸ್ಪ್ರಿಂಗ್ ನೆಗೆಯುತ್ತದೆ, ಬ್ರೇಕು ತಾನಾಗಿಯೇ ಬೀಳುತ್ತದೆ. ಯಾರೂ ಒತ್ತಬೇಕಿಲ್ಲ.

ನೀನು ರೊಟ್ಟಿ ಮುರಿಯುತ್ತಾ ಯೋಚಿಸಿ, ‘ಅಂದ್ರ ಲೋಕಲ್‌ನ್ಯಾಗ ಬಾಗ್ಲಾ ಹತ್ರ ನಿಂತವ್ರು ಬೆನ್ನಿಲೆ ಗರ್ದಿ ತಡದ್ಹಂಗ. ಅವ್ರು ಸರದ್ರಂದ್ರ ಹಿಂದಿನವ್ರೆಲ್ಲಾ ಮೈಮ್ಯಾಲೆ’ ಎಂದೆ. ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರನೂ ಹೇಳಿದ್ದನ್ನು ನಾನು ಕೇಳಿಲ್ಲ. ‘ಹಾವು ಬಿಟ್ಟರೆ ಗಾಳಿ ತಿಂದು ಬದುಕುವವರು ನಾವಿಬ್ಬರೇ’ ಎಂದು ನಾನು ಅಂದೆ. ನೀನು ನಗಲಿಲ್ಲ. ಒಳ್ಳೆಯ ಮಾತಿಗೆ ನೀನು ನಗುತ್ತಿದ್ದದ್ದು ಮರುದಿನ.

ಊರಿಗೆ ಹೋದ ಜೊತೆಗಾರ ತಿರುಗಿ ಬರಲಿಲ್ಲ, ಆ ಸೀಟು ನಿನ್ನದಾಯಿತು. ಉಳ್ಳಾಗಡ್ಡಿ ಲಾರಿಯ ಡ್ರೈವರ್ ಯಲ್ಲಾಲಿಂಗ ವಿಜಯಪುರದಿಂದ ಬಂದಾಗಲೆಲ್ಲ, ಬ್ರೇಕು ಸರಿಯಿದ್ದರೂ, ‘ಅಕ್ಕಾರ ಒಂದ್ಸಲ ಒತ್ತಲಿ ತಡೀರಿ. ಅವರ ಕಾಲ್ಗುಣ ಚಲೋ ಅದ, ಮತ್ತ ಘಾಟ್ ಇಳಿಯೂ ಮಟಾ ಯಾರ ಕಣ್ಣಿನ ನೆದರೂ ಆಗೂದಿಲ್ಲ’ ಎನ್ನುತ್ತಿದ್ದ. ಮದುವೆಯಾಗಿ ಮನೆ ತುಂಬುವಾಗ ಸೇರಿಗೆ ತಾಗಿದ ಕಾಲಿಗೆ ಹೇಳುವ ಮಾತನ್ನು ಅವನು ಬ್ರೇಕ್ ಪೆಡಲಿಗೆ ತಂದು ಹಚ್ಚಿದ್ದ. ನೀನು ‘ನಿಮ್ಮ ಬಾಯಿಗುಣ ಮೊದ್ಲ ಚಲೋ ಮಾಡ್ಕೋರಿ’ ಎನ್ನುತ್ತಿದ್ದೆ, ಆದರೆ ಒಳಗೊಳಗೇ ಖುಷಿಪಡುತ್ತಿದ್ದೆ. ಅದು ನನಗೆ ಕೆಳಗೆ ಮಲಗಿದ್ದರೂ ಗೊತ್ತಾಗುತ್ತಿತ್ತು. ಆಮೇಲಿನ ‘ಒತ್ತಲ್ಯಾ’ ಒಂದು ಸುತ್ತು ಜೋರಾಗಿರುತ್ತಿತ್ತು.

ಈಗ ನೀನು ಬಾಣಂತನಕ್ಕೆ ಹೋಗುವ ಮೊದಲಿನ ಆ ದಿನಕ್ಕೆ ಬರುತ್ತೇನೆ. ಓದುವುದನ್ನು ನಿಲ್ಲಿಸಬೇಡ.

ಅದೂ ಯಲ್ಲಾಲಿಂಗನ ಲಾರಿಯೇ. ಎಡಗಡೆ ಹಿಂದಿನ ಚಕ್ರದ ಅಡ್ಜಸ್ಟರ್ ಬಿಗಿ ಮಾಡಬೇಕಿತ್ತು. ಅದಕ್ಕೆ ಬ್ರೇಕು ಪೂರ್ತಿ ಬಿಟ್ಟಿರಬೇಕು. ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟಿದ್ದೆ, ಟ್ಯಾಂಕ್ ತುಂಬಿತ್ತು, ಪಾರ್ಕಿಂಗ್ ಬ್ರೇಕು ಬಿಟ್ಟಿತ್ತು. ನಾನು ‘ಬಿಡು’ ಎಂದೆ, ನೀನು ಬಿಟ್ಟೆ. ‘ಬಿಟ್ಟೇನ್ರಿ’ ಎಂದು ನೀನು ಹೇಳಿದ್ದನ್ನು ಕೇಳಿಯೇ ನಾನು ಕೈ ಹಾಕಿದೆ. ಆಗ ಸ್ಪ್ರಿಂಗಿನ ಕೋಣೆಗೆ ಹೋಗುವ ರಬ್ಬರ್ ಪೈಪು ಒಡೆಯಿತು. ಹೊರಗೆ ಮಿರಮಿರ ಕಪ್ಪಗಿದ್ದ ಪೈಪು ಒಳಗೆ ಪದರು ಬಿಟ್ಟಿತ್ತು. ಬಿಚ್ಚದ ಹೊರತು ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಸ್ಪ್ರಿಂಗ್ ನೆಗೆಯಿತು, ತೋಳು ತಿರುಗಿತು, ನಡುವೆ ನನ್ನ ಬಲಗೈಯ ಬೆರಳುಗಳಿದ್ದವು.

ನಾನು ಕೂಗಿದೆ. ಕೂಗು ಕೇಳಿದ ಕೂಡಲೇ ನಿನ್ನ ಕಾಲು ಪೆಡಲಿನ ಮೇಲೆ ಬಿತ್ತು. ಗಂಡ ಗಾಡಿಯ ಕೆಳಗೆ ಕಿರುಚಿದರೆ ಮೇಲಿದ್ದವಳು ಮತ್ತೇನು ಮಾಡುತ್ತಾಳೆ? ಬ್ರೇಕು ಒತ್ತುತ್ತಾಳೆ. ಆದ್ದರಿಂದ ನಿನ್ನ ನೆನಪಿನಲ್ಲಿ ಉಳಿದದ್ದು ಇಷ್ಟೇ: ಅಂಗಾಲಿನ ಕೆಳಗೆ ಪೆಡಲು, ಕಿವಿಯಲ್ಲಿ ನನ್ನ ಕೂಗು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಆ ಗಾಬರಿಯಲ್ಲಿ ತಿರುಗುಮುರುಗಾಯಿತು.

ನನ್ನ ಮಾತನ್ನು ನಂಬಬೇಡ. ನಾನು ನಿನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಬಲ್ಲವನು, ನಿನಗೆ ಗೊತ್ತು. ನೀನೇ ಕಂಡದ್ದನ್ನು ನೆನಪಿಸಿಕೋ. ಪಕ್ಕದ ವೆಲ್ಡಿಂಗ್ ಅಂಗಡಿಯ ಸಂತು ಓಡಿಬಂದು ‘ಭಾಭೀ, ಪೈರ್ ಹಟಾವ್!’ ಎಂದ. ನೀನು ಕಾಲು ತೆಗೆದೆ, ತೆಗೆದು ಕೆಳಗೇ ಹಾರಿಬಂದೆ. ಪೆಡಲಿನ ಮೇಲೆ ಆಗ ಯಾರೂ ಇರಲಿಲ್ಲ. ನನ್ನ ಕೈ ಬಿಡುಗಡೆಯಾಯಿತೇ? ಇಲ್ಲ. ನೀನು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸಂತು ಡಬ್ಬಿಯ ಹಿಂದಿನ ಬೋಲ್ಟಿಗೆ ಪಾನಾ ಹಾಕಿ ಸ್ಪ್ರಿಂಗನ್ನು ಸುತ್ತು ಸುತ್ತಾಗಿ ಹಿಂದಕ್ಕೆ ಎಳೆಯುವ ತನಕ ಆ ತೋಳು ಅಲುಗಲಿಲ್ಲ. ನಿನ್ನ ಕಾಲು ಹಿಡಿದ ಬ್ರೇಕಾಗಿದ್ದರೆ ನಿನ್ನ ಕಾಲು ತೆಗೆದೊಡನೆ ಬಿಡಬೇಕಿತ್ತು. ನೀನು ತೆಗೆದೆ, ಅದು ಬಿಡಲಿಲ್ಲ. ಗರ್ದಿ ತಡೆದ ಬೆನ್ನು ಸರಿದಿತ್ತು, ಮಹಾದೇವಿ. ಅಷ್ಟೇ. ಸಂತುವನ್ನು ಬೇಕಾದರೆ ಕೇಳು.

ನಾನು ಈಗ ಒಬ್ಬನೇ ಹೇಗೆ ಕೆಲಸ ಮಾಡುತ್ತೇನೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದು ಬಿದಿರು ಕೋಲನ್ನು ಸೀಟಿಗೂ ಪೆಡಲಿಗೂ ನಡುವೆ ಸಿಕ್ಕಿಸಿ, ಇಳಿದು, ಕೆಳಗೆ ತೂರಿ, ನೋಡಿ, ಮತ್ತೆ ಹತ್ತಿ ತೆಗೆಯುತ್ತೇನೆ. ನಿನ್ನ ಜಾಗಕ್ಕೆ ಬಂದದ್ದು ಸವತಿಯಲ್ಲ, ಬಿದಿರು. ಕೆಲಸಕ್ಕೆ ತಕ್ಕಮಟ್ಟಿಗಿದೆ, ಜಗಳವಾಡುವುದಿಲ್ಲ, ಬುತ್ತಿ ತರುವುದಿಲ್ಲ. ಆದರೆ ಎಷ್ಟೋ ಸಲ ಕೆಳಗೆ ಮಲಗಿದಾಗ ಬಾಯಿಗೆ ತಾನಾಗಿ ‘ಒತ್ತು’ ಎಂದು ಬಂದುಬಿಡುತ್ತದೆ. ಮೇಲೆ ಯಾರೂ ಇಲ್ಲ. ಲಾರಿಯ ಕೆಳಗಿನ ಆ ಸುಮ್ಮನಿರುವಿಕೆ ಎಂಥದು ಗೊತ್ತೇ? ಮಾರ್ಕೆಟ್ಟಿನ ಗದ್ದಲ, ಹಾರ್ನು, ಲೋಕಲ್ಲಿನ ಸದ್ದು ಎಲ್ಲ ಕೇಳುತ್ತಿರುತ್ತದೆ, ಆದರೂ ಮೇಲಿನ ಸೀಟು ಸುಮ್ಮನಿರುತ್ತದೆ. ಯಲ್ಲಾಲಿಂಗ ಮೊನ್ನೆ ಬಂದವನು ಕ್ಯಾಬಿನ್ನಿನ ಕಡೆ ನೋಡಿ, ಕೋಲು ನೋಡಿ, ಏನೂ ಚೇಷ್ಟೆ ಮಾಡದೆ ಹೋದ. ಅವನು ಚೇಷ್ಟೆ ಮಾಡದಿದ್ದದ್ದೇ ನನಗೆ ತಡೆಯಲಾಗಲಿಲ್ಲ.

ಖೋಲಿಯಲ್ಲಿಯೂ ಹಾಗೇ. ಅನ್ನ ಯಾವಾಗಲೂ ಇಬ್ಬರಿಗಾಗುವಷ್ಟು ಆಗುತ್ತದೆ; ಉಳಿದದ್ದನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ತಿನ್ನುತ್ತೇನೆ. ಒಬ್ಬನೇ ಮಾಡಿದ ಜೋಕಿಗೆ ಒಬ್ಬನೇ ನಕ್ಕರೆ ಪಕ್ಕದ ಖೋಲಿಯ ಇಂದ್ರಾಬಾಯಿ ಬಾಗಿಲಲ್ಲಿ ಇಣುಕಿ, ‘ಯಾರ ಬಂದಾರ್ರಿ ಅಣ್ಣಾರ?’ ಎನ್ನುತ್ತಾಳೆ. ಈಗೀಗ ನಗುವುದನ್ನು ಕಡಿಮೆ ಮಾಡಿದ್ದೇನೆ.

ಮೊಮ್ಮಗನ ತೊಟ್ಟಿಲ ದಿನ ಪಾರ್ಲೆಗೆ ಬಂದಿದ್ದೆನಲ್ಲ. ನೀನು ನನ್ನ ಎಡಕ್ಕೇ ಇದ್ದೆ. ನಾನು ಬಲಕ್ಕೆ ಹೊರಳಿದರೆ ನೀನು ಸುತ್ತಿಕೊಂಡು ಎಡಕ್ಕೆ ಬರುತ್ತಿದ್ದೆ. ತಾಟು ಇಟ್ಟೆ, ರೊಟ್ಟಿಯ ಪಕ್ಕದಲ್ಲಿ ಚಮಚ ಇಟ್ಟೆ. ಜೋಳದ ರೊಟ್ಟಿಗೆ ಚಮಚ! ಅಳಿಯ ನನ್ನ ಮುಖ ನೋಡಿದ. ‘ನಮ್ಮ ಕಡೆ ಹೊಸಾ ಫ್ಯಾಷನ್’ ಎಂದೆ. ಎಲ್ಲರೂ ನಕ್ಕರು, ನೀನು ಒಳಗೆ ಹೋದೆ. ಕೈ ನೋಡಿದರೆ ನಿನಗೆ ಅಸಹ್ಯವಾಗುತ್ತದೆ ಎಂದುಕೊಂಡು ನಾನು ಆ ಕೈಯನ್ನು ಜೇಬಿಗೆ ಸೇರಿಸಿ ಬೈಕುಲ್ಲಾಕ್ಕೆ ವಾಪಸಾದೆ. ನನಗೆ ಅಸಹ್ಯವಾಗುತ್ತದೆಂದು ನೀನು ನಿನ್ನ ಕಾಲನ್ನು ಬಚ್ಚಿಟ್ಟುಕೊಂಡು ಕೂತೆಯೇನೋ. ಇಬ್ಬರೂ ಎಂಥ ಜಾಣರು ನೋಡು.

ನೀನು ಮತ್ತೆ ಸೀಟು ಹತ್ತಬೇಕೆಂದು ಕೇಳುವುದಿಲ್ಲ. ಕೂಸಿನ ಜೊತೆ ಇರಬೇಕೆನಿಸಿದರೆ ಇರು, ಕೂಸು ನನ್ನಷ್ಟು ಮಾತಾಡುವುದಿಲ್ಲ. ಆದರೆ ಮಾಡದ ತಪ್ಪಿಗೆ ಅಲ್ಲಿರಬೇಡ. ಇರುವುದಾದರೆ ಮನಸ್ಸಿಗೆ ಬಂದು ಇರು. ಬರುವುದಾದರೂ ಮನಸ್ಸಿಗೆ ಬಂದು ಬಾ. ಭಾನುವಾರ ನಾನು ಬರುತ್ತೇನೆ. ಬಾಗಿಲನ್ನು ವೈಶಾಲಿ ತೆಗೆಯುವುದು ಬೇಡ. ನೀನು ತೆಗೆ, ನನ್ನ ಬಲಗಡೆಗೆ ನಿಂತುಕೋ, ಕೈಯನ್ನು ಒಮ್ಮೆ ನೋಡು. ಮುಟ್ಟಬೇಕೆಂದಿಲ್ಲ.

ಅಷ್ಟೂ ಧೈರ್ಯವಾಗದಿದ್ದರೆ ಒಂದು ಮಾತು. ಹೆಬ್ಬೆರಳು, ತೋರುಬೆರಳು, ಕಿರುಬೆರಳು ನನಗೆ ಉಳಿದಿವೆ. ಪೆನ್ನು ಹಿಡಿಯಲು ಅಷ್ಟು ಧಾರಾಳ. ಈ ಪತ್ರವನ್ನು ಯಾರಿಂದಲೂ ಬರೆಸಿಲ್ಲ, ಎಡಗೈಯಲ್ಲೂ ಬರೆದಿಲ್ಲ. ಮೊದಲ ಸಾಲಿನಿಂದ ಇಲ್ಲಿಯವರೆಗೆ ನೀನು ನೋಡುತ್ತ ಬಂದದ್ದು ಆ ಕೈಯನ್ನೇ.

ನಿನ್ನ ಕಾಲು ತಣ್ಣಗಿರಲಿ, ನಿನ್ನ ನಿದ್ದೆ ಗಟ್ಟಿಯಿರಲಿ, ಮೊಮ್ಮಗನ ಆಯುಷ್ಯ ನಮ್ಮಿಬ್ಬರದೂ ಸೇರಿದಷ್ಟಿರಲಿ.

ಬೆರಳು ಕಡಿಮೆಯಾದರೂ ಗಂಡನಾಗಿ ಪೂರ್ತಿ ಉಳಿದಿರುವ,
ನಿನ್ನ
ಗುರುಪಾದ