ಕೌಂಟರಿನ ಮೇಲೆ ಖಾನಾಪುರದ ಧೂಳು

೧೧ ಮಾರ್ಚ್ ೨೦೨೫, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಊಟ ಮಾಡುವಾಗಲೂ ಇಸ್ಮಾಯಿಲನ ಕಾರಿನ ಸಾಮಾನಿನ ಅಂಗಡಿಯೇ ಕಣ್ಣ ಮುಂದೆ.

ಕಾರು ನನ್ನದು. ಬೆಳಗಾವಿಯಿಂದ ಖಾನಾಪುರದ ಹೆಂಚಿನ ಕಾರ್ಖಾನೆಗೆ ದಿನಾ ಓಡಿಸುವವಳೂ ನಾನೇ. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಬದಲಿಸಬೇಕೆಂದು ಹದಿನೈದು ದಿನ ಓದಿದ್ದೆ. ಆ ಮಣ್ಣಿನ ದಾರಿಗೆ ತೆರೆದ ಫಿಲ್ಟರ್ ಆಗದು, ಮುಚ್ಚಿದ ಡಬ್ಬಿಯದೇ ಬೇಕು. ಅಂಗಡಿಯವನಿಗೆ ತೋರಿಸಲೆಂದು ಹಳೆಯ ಫಿಲ್ಟರನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಕೌಂಟರಿನ ಮೇಲೆ ಕುಟ್ಟಿದೆ. ಕೆಂಪು ಧೂಳು ಗುಪ್ಪೆಯಾಗಿ ಬಿತ್ತು.

ಇಸ್ಮಾಯಿಲ ಅದನ್ನು ಬಟ್ಟೆಯಿಂದ ಒರೆಸಿ, ಜೊತೆಗೆ ಬಂದಿದ್ದ ನನ್ನ ಮೈದುನ ಮುತ್ತಪ್ಪನ ಕಡೆ ತಿರುಗಿದ. “ಅಣ್ಣಾರ, ತೆರೆದದ್ದು ಹಾಕಸ್ರಿ. ಆವಾಜ ಖರೇನ ಮಸ್ತ್ ಬರ್ತೈತಿ.”

“ಧೂಳು ಒಳಗ ಹೋಗ್ತೈತ್ರಿ,” ಎಂದೆ.

“ವೈನಿ, ನೀವು ಕುಂದರ್ರಿ. ನಾವು ನೋಡ್ತೀವಿ,” ಎಂದ ಮುತ್ತಪ್ಪ. ಅವನಿಗೆ ಬೈಕ್ ಬಿಟ್ಟರೆ ಬೇರೆ ಏನೂ ಓಡಿಸಲು ಬರುವುದಿಲ್ಲ!

ಕುಳಿತೆ. ಯಾಕೆ ಕುಳಿತೆ? ಕಾರ್ಖಾನೆಯಲ್ಲಿ ನಲವತ್ತು ಮಂದಿ ನನ್ನ ಮಾತು ಕೇಳುತ್ತಾರೆ. ಇಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಹಾ ಹಿಡಿದುಕೊಂಡು, ನನ್ನದೇ ಕಾರಿನ ಬಾನೆಟ್ಟಿನೊಳಗೆ ಅವರಿಬ್ಬರೂ ತಲೆ ಹಾಕಿದ್ದನ್ನು ನೋಡುತ್ತಿದ್ದೆ. ತೆರೆದದ್ದೇ ಪಕ್ಕಾ ಆಯಿತು.

ಕೊನೆಗೆ ಇಸ್ಮಾಯಿಲ ಇನ್‌ಟೇಕಿನ ಎರಡು ಪೈಪು ಹಿಡಿದು ನನ್ನ ಬಳಿ ಬಂದ. “ಅಕ್ಕಾರ, ಬಣ್ಣ ನೀವು ಹೇಳ್ರಿ. ನೀಲಿ ಹಾಕೂಣೋ, ಕೆಂಪು ಹಾಕೂಣೋ?”

ಎರಡನ್ನೂ ಕಿತ್ತು ಎಸೆದು ಬರಬೇಕಿತ್ತು. ಹದಿನೈದು ದಿನ ಓದಿದ್ದ ನಾನು ಚಹಾ ಕೆಳಗಿಟ್ಟು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, “ಕೆಂಪು” ಎಂದೆ.