ಕೊರಳಿನಿಂದ ಕೆಳಗೆ

ನವೆಂಬರ್ 4, ಬೆಳಿಗ್ಗೆ 7

ಮತ್ತೆ ಈ ಮೀಸೆ. ಮೊನ್ನೆ ಸಣ್ಣಗೆ ಟ್ರಿಮ್ ಮಾಡಿದ್ದೆ. ಅಪ್ಪ ನೋಡಿ, "ಲಗ್ನದ ಹುಡುಗ ಇದ್ದಿ, ಮೀಸಿ ದಪ್ಪ ಬಿಡು" ಅಂದ. ಬಿಟ್ಟಿದ್ದೇನೆ. ಚಹಾ ಕುಡಿದರೆ ಕೆನೆ ಅಂಟುತ್ತದೆ. ಒರೆಸಿಕೊಳ್ಳುವಾಗ ಹೇಸಿಗೆ. ಬೇರೆ ಯಾರದೋ ಕೂದಲು ನನ್ನ ಬಾಯಿಯ ಮೇಲೆ.

ಅಕ್ಕಲಕೋಟದಲ್ಲಿ ಅಜ್ಜಿಯ ಹತ್ತಿರ ಇದ್ದು ಏಳನೆಯ ತರಗತಿ ತನಕ ಕನ್ನಡ ಓದಿದ್ದು ಈಗ ಉಪಯೋಗಕ್ಕೆ ಬಂತು. ಅಪ್ಪ, ಅವ್ವ ಮನೆಯಲ್ಲಿ ಕನ್ನಡವೇ ಮಾತಾಡುತ್ತಾರೆ, ಓದಲು ಬರುವುದು ಮರಾಠಿ ಮಾತ್ರ. ಡೈರಿ ಎದುರಿಗೇ ಬಿದ್ದಿದ್ದರೂ ಭಯವಿಲ್ಲ.

ನವೆಂಬರ್ 9, ಅಂಗಡಿ, ಊಟದ ಹೊತ್ತು

ಬೆಳಗಿನಿಂದ ಇಪ್ಪತ್ತಾರು ಸೀರೆ ಉಟ್ಟೆ. ಗಿರಾಕಿಗಳು ಗಾದಿಯ ಮೇಲೆ ಕೂಡುತ್ತಾರೆ, ನಾವು ಪ್ಯಾಂಟಿನ ಮೇಲೆಯೇ, ಬೆಲ್ಟಿಗೆ ಸಿಕ್ಕಿಸಿ, ನಿರಿಗೆ ಹಿಡಿದು ಉಟ್ಟು ತೋರಿಸುತ್ತೇವೆ. ಸೋಲಾಪುರದ ಸೀರೆ ಅಂಗಡಿಗಳಲ್ಲಿ ಇದು ಗಂಡಸರ ಕೆಲಸ. ಯಾರೂ ನಗುವುದಿಲ್ಲ. ಮೂವತ್ತು ವರ್ಷದಿಂದ ನಮ್ಮಲ್ಲಿರುವ ಶಂಕರೆಪ್ಪ ಕಾಕಾ ನನಗೆ ಕಲಿಸಿದ. ನಿಯಮ ಒಂದೇ — ಗಿರಾಕಿ ನೋಡಿದರೆ ಮುಗಿಯಿತು, ಬಿಚ್ಚಬೇಕು.

ದೀಪಾವಳಿಯಿಂದ ರೀಲ್ ಬೇರೆ. ನಾನು ಉಡುವುದು, ಕಾಕಾ ಫೋನ್ ಹಿಡಿಯುವುದು. ಅಪ್ಪನ ಹುಕುಂ: "ಮಾರಿ ಬರಬಾರ್ದು. ಕೊಳ್ಳಿನಿಂದ ಕೆಳಗಷ್ಟ ಹಿಡಿ." ಹೆಂಗಸರು ಮರಾಠಿಯಲ್ಲಿ ಕಾಮೆಂಟ್ ಹಾಕುತ್ತಾರೆ, ಯಾರು ಈ ಮಾಡೆಲ್, ಎಷ್ಟು ಛಂದ ನಿಲುವು ಅಂತ. ಅಪ್ಪ ಅದನ್ನು ಗಿರಾಕಿಗಳಿಗೆ ಓದಿ ಹೇಳಿ ನಗುತ್ತಾನೆ.

ಇದೇ ಅಪ್ಪ. ಹೋದ ವರ್ಷ ಮೇಲಿನ ಖೋಲಿಯಲ್ಲಿ ಅಂಗಡಿಯ ನೀಲಿ ಇಳಕಲ್ ಉಟ್ಟು ಕನ್ನಡಿ ಮುಂದೆ ನಿಂತಿದ್ದೆ. ಬಾಗಿಲು ತೆಗೆದ, "ಹೊಲಸ" ಅಂದ, ನನ್ನ ಕಡೆ ಉಗುಳಿದ. ಮರುದಿನ ಆ ಸೀರೆಗೆ ಇಸ್ತ್ರಿ ಹೊಡೆಸಿ, ಹೊಸ ಡಬ್ಬಿಯಲ್ಲಿಟ್ಟು ಗಿರಾಕಿಗೆ ಮಾರಿದ. ನೆನಪಾದರೆ ಇವತ್ತಿಗೂ ಊಟ ಸೇರುವುದಿಲ್ಲ. ಊಟದ ಡಬ್ಬಿ ಹಾಗೇ ಮುಚ್ಚಿಟ್ಟೆ.

ನವೆಂಬರ್ 16

ಉಜ್ವಲಾಳ ಮನೆಯವರು ಕುರನೂರದಿಂದ ಬಸ್ತಾಕ್ಕೆ ಬಂದಿದ್ದರು, ಲಗ್ನದ ಬಟ್ಟೆ ತೆಗೆಯಲು. ಜೀಪ್ ತುಂಬ ಜನ, ಉಜ್ವಲಾಳೂ ಇದ್ದಳು. ಅವಳು ಬಿ.ಎಡ್. ಮಾಡಿದ್ದಾಳೆ. ಮಾತು ಕಡಿಮೆ, ನೋಡುವುದು ಹೆಚ್ಚು. ನನ್ನ ಜೊತೆ ನಿಶ್ಚಯ ಆಗಿ ತಿಂಗಳಾಯಿತು. ನಾನು ಹೂಂ ಅಂದಿದ್ದೆ, ಹೇಡಿ.

ಅವ್ವನೂ ಅಂಗಡಿಗೆ ಬಂದಿದ್ದಳು. ಅಪ್ಪ ಖುಷಿಯಲ್ಲಿದ್ದ. "ಅವಿ, ಸಾಲು ನೀನ ಉಟ್ಟು ತೋರ್ಸು." ಸಾಲು ಅಂದರೆ ಮದುಮಗಳ ಸೀರೆ. ನವಿಲು ಹಸಿರು, ಕೆಂಪು ಅಂಚು. ಉಟ್ಟೆ. ಸೆರಗು ಹಾಕಿದೆ. ಎಲ್ಲರೂ ಮುಂದಕ್ಕೆ ಬಾಗಿ ನೋಡಿದರು, ಅಷ್ಟು ಚೆನ್ನಾಗಿ ಕೂತಿತ್ತು.

ಆಗ ಉಜ್ವಲಾಳ ಅಜ್ಜಿ ಕಸ್ತೂರಬಾಯಿ ಹಿಂದೆ ಉಳಿದವಳು ಮೆಟ್ಟಿಲು ಹತ್ತಿ ಒಳಗೆ ಬಂದಳು. ನನ್ನ ಕೈ ತಾನೇ ಹೋಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಬಾಗಿ, ಸೆರಗಿನ ಅಂಚು ಎರಡೂ ಕೈಯಲ್ಲಿ ಹಿಡಿದು ಮುದುಕಿಯ ಕಾಲು ಮುಟ್ಟಿದೆ. ಸೊಸೆಯರು ಮಾಡುವ ಹಾಗೆ.

ಅಪ್ಪ ಜೋರಾಗಿ ನಕ್ಕ, ಎಲ್ಲರೂ ನಕ್ಕರು. ಮುದುಕಿಯೂ, "ಚ್ಯಾಷ್ಟಿ ಭಾಳ ಮಾಡ್ತಾನ ಅಳಿಯ" ಅಂದಳು. ನಗದವರು ಇಬ್ಬರೇ. ಅವ್ವ, ಮತ್ತೆ ಉಜ್ವಲಾ.

ನವೆಂಬರ್ 17

ಅವ್ವ ಜೋಳದ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ: "ಎಲ್ಲಾರೂ ನಕ್ಕರು. ನೀ ಯಾಕ ನಗಲಿಲ್ಲ? ನಕ್ಕಿದ್ರ ಮುಗೀತಿತ್ತು."

ನಿಜ. ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು.

ನವೆಂಬರ್ 25, ಅಕ್ಕಲಕೋಟ ಸ್ಟ್ಯಾಂಡ್, ಸೋಲಾಪುರದ ಬಸ್ಸಿನಲ್ಲಿ

ಉಜ್ವಲಾ ಫೋನ್ ಮಾಡಿ ಕರೆಸಿಕೊಂಡಳು. ಸ್ಟ್ಯಾಂಡಿನ ಎದುರು ಹೋಟೆಲ್, ಮೇಜಿನ ಮೇಲೆ ನೊಣ, ಒಡೆದ ಹಾಲಿನ ಚಹಾ. ನೇರ ಕೇಳಿದಳು.

"ನಮ್ಮ ಅಣ್ಣನ ಹೆಂಡ್ತಿ, ವೈನಿ, ದಿನಾ ಸೆರಗ ಎಳ್ಕೊಳ್ಳೂದು ನೋಡ್ತೀನಿ. ನಿಮ್ಮ ಕೈ ಹಂಗ ಹೋತು. ಅದು ಚ್ಯಾಷ್ಟಿ ಅಲ್ಲ. ಖರೆ ಹೇಳ್ರಿ."

ಹೇಳಿದೆ. ನಾನು ಗಂಡಸಲ್ಲ, ಎಂದೂ ಆಗಿರಲಿಲ್ಲ. ಹತ್ತು ವರ್ಷ ಇದ್ದಾಗಿನಿಂದ ಗೊತ್ತು. ಹೇಳಿ ಮುಗಿಸಲು ಐದು ನಿಮಿಷ ಆಯಿತೇನೋ.

"ಹೇಸಿಗಿ ಬಂತು ನಂಗ" ಅಂದಳು. ಎದ್ದು ಹೊರಟೆ. "ಕೂಡ್ರಿ. ಸೀರಿ ಉಟ್ಟಿದ್ದಕ್ಕಲ್ಲ. ಗೊತ್ತಿದ್ದೂ ನನ್ನ ಕೊಳ್ಳಿಗೆ ತಾಳಿ ಕಟ್ಟಾವ್ರಿದ್ರಲ್ಲ, ಅದಕ್ಕ."

ಅವಳು ಹೇಳಿದ್ದು ಸರಿ. ಅಪ್ಪ ಸೀರೆಯನ್ನು ಡಬ್ಬಿಯಲ್ಲಿಟ್ಟು ಮಾರಿದ. ನಾನು ನನ್ನನ್ನೇ ಹಾಗೆ ಮಾರಲು ಹೊರಟಿದ್ದೆ.

"ನಾ ಒಲ್ಲೆ ಅಂದ್ರ ಹುಡುಗೀದ ಏನರ ಇರಬೇಕು ಅಂತಾರ ಊರಾಗ. ನೀವ ಮುರೀರಿ. ಕಾರಣ ಹೇಳಿ ಮುರೀರಿ."

ಹೂಂ ಅಂದೆ. ಬಸ್ಸಿನ ತನಕ ಬಂದಳು. "ಮತ್ತ ನಿಮಗ ಏನಂತ ಕರೀಬೇಕು?" ಯಾರೂ ಕೇಳಿರಲಿಲ್ಲ. ಈ ಡೈರಿಯಲ್ಲೂ ಇದುವರೆಗೆ ಬರೆದಿಲ್ಲ.

ಶೈಲಶ್ರೀ.

ನವೆಂಬರ್ 28

ಅಪ್ಪನಿಗೆ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ, ಗಿರಾಕಿಯ ಹತ್ತಿರ ಮಾತಾಡುವ ದನಿ ತೆಗೆದ.

"ಅಂಗಡ್ಯಾಗ ದಿನಾ ಉಡ್ತೀಯಲ್ಲ, ನಾ ಏನರ ಅಂದೇನು? ಲಗ್ನ ಆಗು. ಮ್ಯಾಲಿನ ಖೋಲಿ ಕೀಲಿ ನಿನ್ನ ಹಂತ್ಯಾಕ ಇಟ್ಕೋ. ಯಾರಿಗೂ ಕಾಣಬಾರ್ದು, ಅಷ್ಟ."

ಅಸಹ್ಯ. ಅದಕ್ಕಿಂತ ಅಸಹ್ಯ — ಒಂದು ಕ್ಷಣ ಆ ಕೀಲಿ ಬೇಕೆನಿಸಿತು.

ಬೇಡ ಅಂದೆ. "ಹಂಗಾದ್ರ ಹುಡುಗೀ ಕುಂಡಲಿಯೊಳಗ ದೋಷ ಅದ ಅಂತ ಹೇಳಿ ಬಿಡಸ್ತೀನಿ. ನಾಳೆ ಸಂಜಿಗೆ ಕುರನೂರಕ್ಕ ಹೋಗ್ತೀನಿ" ಅಂದ. ಅಂದು, ಎಲೆಅಡಿಕೆ ಬಾಯಿಗೆ ಹಾಕಿಕೊಂಡ.

ನವೆಂಬರ್ 29, ಬೆಳಿಗ್ಗೆ 11, ಅಂಗಡಿ

ಮೀಸೆ ತೆಗೆದೆ. ಬೇಸಿನ್ನಿನಲ್ಲಿ ಕೂದಲು ಇರುವೆ ಹಾಗೆ ಅಂಟಿತ್ತು, ನೀರು ಬಿಟ್ಟೆ.

ಅಪ್ಪ ಬ್ಯಾಂಕಿಗೆ ಹೋಗಿದ್ದಾನೆ. ನವಿಲು ಹಸಿರು ಸಾಲು ಇನ್ನೂ ಇಲ್ಲೇ ಇದೆ. ಪ್ಯಾಂಟಿಲ್ಲದೆ ಉಟ್ಟಿದ್ದೇನೆ, ಒಳಲಂಗದ ಮೇಲೆ, ಸರಿಯಾಗಿ. ಅಂಗಡಿಯ ಪೇಜಿನಲ್ಲಿ ಲೈವ್ ಹೋಗುವುದು. ಕುರನೂರದ ಹೆಂಗಸರೆಲ್ಲ ನೋಡುತ್ತಾರೆ. ಕಾಕಾನಿಗೆ ಎಲ್ಲ ಹೇಳಿದೆ. ಮುಖ ಬರುವ ಹಾಗೆ ಫೋನ್ ಮೇಲೆ ಹಿಡಿ ಅಂದೆ. "ಮಾಲಕರು ನೌಕರಿ ತೆಗೀತಾರ" ಅಂದ. ಫೋನಿನ ಗಾಜು ಒರೆಸಿದ, ಬಹಳ ಹೊತ್ತು ಒರೆಸಿದ. ಆಮೇಲೆ: "ಸ್ವಲ್ಪ ಹಿಂದಕ್ಕ ಸರಿ. ತಲಿ ಕಟ್ ಆಗಾಕತ್ತದ."

ತಡವರಿಸಬಾರದು. ಹೇಳುವುದನ್ನು ಬರೆದುಕೊಳ್ಳುತ್ತೇನೆ.

ಮೊದಲು — ಉಜ್ವಲಾಳ ಕುಂಡಲಿಯಲ್ಲಿ ಯಾವ ದೋಷವೂ ಇಲ್ಲ. ಲಗ್ನ ಮುರಿಯುತ್ತಿರುವವಳು ನಾನು.

ಆಮೇಲೆ — ನೀವು ಇಷ್ಟು ದಿನ ನೋಡಿದ ಮೈ ನನ್ನದೇ. ಮುಖ ಇದು. ಹೆಸರು ಶೈಲಶ್ರೀ.

ಅಪ್ಪನ ಸ್ಕೂಟರ್ ಸದ್ದು. ಕಾಕಾ ಫೋನ್ ಇಳಿಸಿಲ್ಲ. ಕೈ ಮತ್ತೆ ಸೆರಗಿನ ಕಡೆ ಹೋಗುತ್ತಿದೆ, ತಲೆ ಮುಚ್ಚಲು. ಬೇಡ, ಇವತ್ತು ಮುಖ ಕಾಣಲಿ. ಲೈವ್ ಒತ್ತು ಅಂದೆ ಕಾಕಾನಿಗೆ.